ಸಣ್ಣ ಊರಿನ ಕಾಲೇಜಿಗೆ ಬಂದ ದೊಡ್ಡ ಲೋಕ

ಕಾಲೇಜಿನ ಸೂಚನಾ ಫಲಕದಲ್ಲಿ ‘ವಿಶೇಷ ಉಪನ್ಯಾಸ’ ಎಂಬ ಚೀಟಿ ಕಂಡ ಕೂಡಲೇ ನಮ್ಮ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ, ‘ಸಾರ್, ಇದು ಪರೀಕ್ಷೆಗೆ ಬರುತ್ತದೆಯೇ?’ ಎಂಬುದು. ಪೋಷಕರ ಪ್ರಶ್ನೆಯೂ ಅದಕ್ಕಿಂತ ಬಹಳ ಬೇರೆಯಲ್ಲ. ‘ಟ್ಯೂಷನ್ ತಪ್ಪಿಸಿಕೊಂಡು ಅದನ್ನು ಕೇಳಿ ಏನಾಗಬೇಕು ಮೇಷ್ಟ್ರೇ?’ ಎನ್ನುತ್ತಾರೆ. ವಿಷಯ ಅಂತಾರಾಷ್ಟ್ರೀಯ ವಿದ್ಯಮಾನವಾಗಿದ್ದರಂತೂ ಮುಗಿದೇ ಹೋಯಿತು. ಯುರೋಪಿನಲ್ಲಿ ಗಡಿ ಎಲ್ಲಿ ಹಾದುಹೋದರೆ ನಮ್ಮೂರಿನ ಹುಡುಗನಿಗೇನು, ಅವನಿಗೆ ಬೇಕಾದದ್ದು ಗಣಿತದಲ್ಲಿ ಇನ್ನೂ ಹತ್ತು ಅಂಕ!

ಈ ಪ್ರಶ್ನೆಗಳನ್ನು ತಳ್ಳಿಹಾಕುವಂತಿಲ್ಲ. ಮಕ್ಕಳ ಸಮಯಕ್ಕೆ ಬೆಲೆಯಿದೆ. ಆದರೆ ಉತ್ತರ ಹೇಳುವ ಮೊದಲು ಒಂದು ಕಾಲೇಜಿನ ಕಥೆ ಹೇಳಬೇಕು. ಅದು ಆಕ್ಸ್‌ಫರ್ಡ್ ಅಲ್ಲ, ಹಾರ್ವರ್ಡ್ ಅಲ್ಲ. ಅಮೆರಿಕದ ನಡುಭಾಗದಲ್ಲಿ, ಹೊಲಗದ್ದೆಗಳ ಮಧ್ಯೆ ಇರುವ ಒಂದು ಸಣ್ಣ ಪಟ್ಟಣದ ಸಣ್ಣ ಕಾಲೇಜು. ಅಲ್ಲಿ 1946ರಲ್ಲಿ ನಡೆದ ಒಂದು ಸಾರ್ವಜನಿಕ ಉಪನ್ಯಾಸದ ಎರಡು ಪದಗಳು ಮುಂದೆ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಲೋಕದ ಎಲ್ಲ ಪತ್ರಿಕೆಗಳ ಬಾಯಲ್ಲಿದ್ದವು. ಆ ಎರಡು ಪದಗಳೇ ‘ಕಬ್ಬಿಣದ ಪರದೆ’.

ವಕೀಲರ ನೆನಪಿಗೆ ಒಂದು ದತ್ತಿ

ಮಿಸೌರಿ ರಾಜ್ಯದ ಫುಲ್ಟನ್ ಎಂಬ ಊರು ಸೇಂಟ್ ಲೂಯಿಸ್ ನಗರದಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿದೆ. ಆ ಕಾಲಕ್ಕೆ ಅಲ್ಲಿನ ಜನಸಂಖ್ಯೆ ಹತ್ತು ಸಾವಿರವನ್ನೂ ಮುಟ್ಟಿರಲಿಲ್ಲ. ನಮ್ಮ ಲೆಕ್ಕದಲ್ಲಿ ಒಂದು ಹೋಬಳಿ ಕೇಂದ್ರ ಎನ್ನಬಹುದು. ಅಲ್ಲಿ 1851ರಲ್ಲಿ ಆರಂಭವಾದದ್ದು ವೆಸ್ಟ್‌ಮಿನ್‌ಸ್ಟರ್ ಕಾಲೇಜು. ವಿದ್ಯಾರ್ಥಿಗಳ ಸಂಖ್ಯೆ ನೂರರ ಲೆಕ್ಕದಲ್ಲಿತ್ತೇ ಹೊರತು ಸಾವಿರದ ಲೆಕ್ಕದಲ್ಲಿರಲಿಲ್ಲ.

ಈ ಕಾಲೇಜಿನಲ್ಲಿ 1884ರಲ್ಲಿ ಪದವಿ ಪಡೆದ ಜಾನ್ ಫಿಂಡ್ಲೆ ಗ್ರೀನ್ ಎಂಬವರು ಸೇಂಟ್ ಲೂಯಿಸ್‌ನಲ್ಲಿ ವಕೀಲರಾಗಿದ್ದರು. ಅವರ ಸ್ಮರಣೆಗಾಗಿ 1936ರಲ್ಲಿ ಒಂದು ಉಪನ್ಯಾಸ ದತ್ತಿ ಸ್ಥಾಪನೆಯಾಯಿತು. ಅದರ ನಿಬಂಧನೆ ಸರಳವಾಗಿತ್ತು. ಲೋಕಕ್ಕೆಲ್ಲ ಸಂಬಂಧಿಸಿದ ಆರ್ಥಿಕ, ಸಾಮಾಜಿಕ ಸಮಸ್ಯೆಗಳನ್ನು ಕುರಿತು ತಿಳಿವಳಿಕೆ ಬೆಳೆಸುವ ಉಪನ್ಯಾಸಗಳು ನಡೆಯಬೇಕು. ಮಾತನಾಡುವವರು ಅಂತಾರಾಷ್ಟ್ರೀಯ ಖ್ಯಾತಿಯುಳ್ಳವರಾಗಿರಬೇಕು. ಹಳೆಯ ವಿದ್ಯಾರ್ಥಿಯ ಹೆಸರಿನಲ್ಲಿ ಕಟ್ಟಡ ಕಟ್ಟಿಸಿ ಕಲ್ಲಿನ ಫಲಕ ಹಾಕಿಸಬಹುದಾಗಿತ್ತು. ಅದರ ಬದಲು ಮಾತಿಗಾಗಿ ಹಣವಿಟ್ಟರು. ಇದು ದತ್ತಿ ಕೊಡುವವರು ನೆನಪಿಡಬೇಕಾದ ಸಂಗತಿ.

1945ರ ಶರತ್ಕಾಲದಲ್ಲಿ ಕಾಲೇಜಿನ ಅಧ್ಯಕ್ಷರಾಗಿದ್ದ ಫ್ರಾಂಕ್ ಮೆಕ್‌ಕ್ಲೂರ್ ಅವರಿಗೆ ಒಂದು ಯೋಚನೆ ಹೊಳೆಯಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಅದೇ ವರ್ಷ ಜುಲೈಯಲ್ಲಿ ಚುನಾವಣೆ ಸೋತು ವಿರೋಧ ಪಕ್ಷದಲ್ಲಿ ಕುಳಿತಿದ್ದರು. ಅವರನ್ನೇ ಏಕೆ ಕರೆಯಬಾರದು? ಕೇಳಿದವರು ನಕ್ಕಿರಲೂಬಹುದು. ಆದರೆ ಅದೇ ಕಾಲೇಜಿನಲ್ಲಿ ಓದಿದ್ದ ಹ್ಯಾರಿ ವಾನ್ ಎಂಬ ಸೇನಾಧಿಕಾರಿ ಆಗ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಸೇನಾ ಸಹಾಯಕರಾಗಿದ್ದರು. ಮೆಕ್‌ಕ್ಲೂರ್ ನೇರವಾಗಿ ವಾಷಿಂಗ್ಟನ್ನಿಗೆ ಹೋದರು. ಟ್ರೂಮನ್ ಮಿಸೌರಿಯವರೇ. ಆಮಂತ್ರಣ ಪತ್ರದ ಕೆಳಗೆ ತಮ್ಮ ಕೈಯಾರೆ ಎರಡು ಸಾಲು ಬರೆದರು. ‘ಇದು ನನ್ನ ರಾಜ್ಯದ ಒಳ್ಳೆಯ ಕಾಲೇಜು, ನೀವು ಬರಬೇಕು, ಸಭೆಗೆ ನಿಮ್ಮನ್ನು ನಾನೇ ಪರಿಚಯಿಸುತ್ತೇನೆ’ ಎಂಬುದು ಅದರ ತಾತ್ಪರ್ಯ. ಚರ್ಚಿಲ್ ಒಪ್ಪಿದ್ದು ಈ ಎರಡು ಸಾಲಿನ ಬಲದಿಂದ.

ವ್ಯಾಯಾಮ ಶಾಲೆಯಲ್ಲಿ ಎರಡು ಪದಗಳು

1946ರ ಮಾರ್ಚ್ 4ರಂದು ಟ್ರೂಮನ್ ಮತ್ತು ಚರ್ಚಿಲ್ ವಾಷಿಂಗ್ಟನ್ನಿನಿಂದ ಒಂದೇ ರೈಲಿನಲ್ಲಿ ಹೊರಟರು. ದಾರಿಯಲ್ಲಿ ಇಸ್ಪೀಟು ಆಡಿದರು. ಆಟದಲ್ಲಿ ಚರ್ಚಿಲ್ ಸೋತರು ಎಂಬುದೂ ಚರಿತ್ರೆಯಲ್ಲಿ ದಾಖಲಾಗಿದೆ. ಮರುದಿನ ಜೆಫರ್ಸನ್ ಸಿಟಿಯಲ್ಲಿಳಿದು ಕಾರಿನಲ್ಲಿ ಫುಲ್ಟನ್ ತಲುಪಿದರು. ಸುತ್ತಲ ಊರುಗಳಿಂದ ಬಂದ ಜನ ಪಟ್ಟಣದ ಜನಸಂಖ್ಯೆಯನ್ನು ಎಷ್ಟೋ ಪಟ್ಟು ಮೀರಿಸಿದ್ದರು.

ಅಷ್ಟು ಜನರಿಗೆ ಸಾಕಾಗುವ ಸಭಾಂಗಣ ಆ ಸಣ್ಣ ಕಾಲೇಜಿನಲ್ಲಿ ಎಲ್ಲಿಂದ ಬರಬೇಕು? ವ್ಯಾಯಾಮ ಶಾಲೆಯಲ್ಲೇ ಕುರ್ಚಿ ಹಾಕಿಸಿದರು. ಒಳಗೆ ಜಾಗ ಸಿಗದವರು ಧ್ವನಿವರ್ಧಕದಲ್ಲಿ ಕೇಳಿದರು, ದೇಶದ ಉಳಿದವರು ರೇಡಿಯೋದಲ್ಲಿ ಕೇಳಿದರು. ಇಲ್ಲಿ ಒಂದು ಸ್ವಾರಸ್ಯವಿದೆ. ಆ ವೇದಿಕೆಯ ಮೇಲಿದ್ದ ಇಬ್ಬರು ದೊಡ್ಡವರಲ್ಲಿ ಯಾರೂ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವಿ ಪಡೆದವರಲ್ಲ. ಚರ್ಚಿಲ್ ಓದಿದ್ದು ಸೈನಿಕ ಶಾಲೆಯಲ್ಲಿ. ಟ್ರೂಮನ್ ಅವರ ಕಾಲೇಜು ಓದು ಪೂರ್ತಿಯಾಗಲೇ ಇಲ್ಲ. ಆದರೆ ಇಬ್ಬರೂ ಜೀವನವಿಡೀ ಚರಿತ್ರೆಯ ಪುಸ್ತಕಗಳನ್ನು ಬಿಡದೆ ಓದಿದವರು.

ಚರ್ಚಿಲ್ ತಮ್ಮ ಉಪನ್ಯಾಸಕ್ಕೆ ಇಟ್ಟ ಹೆಸರು ‘ಶಾಂತಿಯ ನರಬಲ’ ಎಂಬರ್ಥದ್ದು. ತಮ್ಮ ಬಳಿ ಯಾವ ಅಧಿಕಾರವೂ ಇಲ್ಲ, ಯಾರ ಪರವಾಗಿಯೂ ತಾವು ಮಾತನಾಡುತ್ತಿಲ್ಲ ಎಂದು ಮೊದಲೇ ತಿಳಿಸಿದರು. ಜನಸಾಮಾನ್ಯರ ಮನೆಗಳನ್ನು ಕಾಡುವ ಎರಡು ಪಿಡುಗುಗಳು ಯುದ್ಧ ಮತ್ತು ದಬ್ಬಾಳಿಕೆ ಎಂದರು. ವಿಶ್ವಸಂಸ್ಥೆ ಬರೀ ಮಾತಿನ ಮಂಟಪವಾಗಬಾರದು, ಅದಕ್ಕೆ ತನ್ನದೇ ವಾಯುಪಡೆ ಬೇಕು ಎಂದರು. ಅಣುಬಾಂಬಿನ ರಹಸ್ಯ ಅಮೆರಿಕ, ಬ್ರಿಟನ್, ಕೆನಡಾಗಳ ಕೈಯಲ್ಲೇ ಇರಲಿ, ಇನ್ನೂ ಎಳೆಯದಾದ ವಿಶ್ವಸಂಸ್ಥೆಗೆ ಅದನ್ನು ಒಪ್ಪಿಸುವುದು ತರವಲ್ಲ ಎಂದರು. ಇಂಗ್ಲಿಷ್ ಮಾತನಾಡುವ ಜನಾಂಗಗಳು ಸೋದರರಂತೆ ಒಂದಾಗಬೇಕು ಎಂದರು.

ಅನಂತರ ಬಂದದ್ದು ಆ ಪ್ರಸಿದ್ಧ ಮಾತು. ಬಾಲ್ಟಿಕ್ ಸಮುದ್ರದ ಸ್ಟೆಟಿನ್‌ನಿಂದ ಏಡ್ರಿಯಾಟಿಕ್ ಸಮುದ್ರದ ಟ್ರಿಯೆಸ್ಟ್‌ವರೆಗೆ ಯುರೋಪ್ ಖಂಡಕ್ಕೆ ಅಡ್ಡಲಾಗಿ ಕಬ್ಬಿಣದ ಪರದೆಯೊಂದು ಇಳಿದಿದೆ, ಅದರ ಹಿಂದಿನ ಪುರಾತನ ರಾಜಧಾನಿಗಳೆಲ್ಲ ಮಾಸ್ಕೋದ ಹಿಡಿತಕ್ಕೆ ಸಿಕ್ಕಿವೆ ಎಂದು ಅವರು ಘೋಷಿಸಿದರು.

ಈ ‘ಕಬ್ಬಿಣದ ಪರದೆ’ ಚರ್ಚಿಲ್ ಸೃಷ್ಟಿಸಿದ ಪದವಲ್ಲ. ಮೂಲತಃ ಇದು ನಾಟಕಶಾಲೆಯ ವಸ್ತು. ಯುರೋಪಿನ ರಂಗಮಂದಿರಗಳಲ್ಲಿ ದೀಪದ ಬೆಂಕಿ ತಗುಲಿ ಅನಾಹುತಗಳಾಗುತ್ತಿದ್ದವು. ರಂಗದ ಮೇಲೆ ಹೊತ್ತಿದ ಬೆಂಕಿ ಪ್ರೇಕ್ಷಕರತ್ತ ಹರಡದಿರಲೆಂದು ನಡುವೆ ಇಳಿಬಿಡುತ್ತಿದ್ದ ಲೋಹದ ತೆರೆಯೇ ಇದು. ರಷ್ಯಾಕ್ಕೆ ಹೋಗಿಬಂದ ಎಥೆಲ್ ಸ್ನೋಡನ್ ಎಂಬ ಬ್ರಿಟಿಷ್ ಮಹಿಳೆ 1920ರಲ್ಲೇ ಈ ಪದವನ್ನು ರಾಜಕೀಯದ ಅರ್ಥದಲ್ಲಿ ಬಳಸಿದ್ದರು. ಸ್ವತಃ ಚರ್ಚಿಲ್ 1945ರ ಮೇ ತಿಂಗಳಲ್ಲಿ ಟ್ರೂಮನ್‌ಗೆ ಕಳಿಸಿದ ರಹಸ್ಯ ತಂತಿಯಲ್ಲಿ ಇದೇ ಮಾತು ಬರೆದಿದ್ದರು. ಅದು ಲೋಕದ ಆಸ್ತಿಯಾದದ್ದು ಮಾತ್ರ ಕಾಲೇಜಿನ ವ್ಯಾಯಾಮ ಶಾಲೆಯಲ್ಲಿ, ಎಲ್ಲರ ಕಿವಿಗೂ ಬಿದ್ದಾಗ.

ಚಪ್ಪಾಳೆ ಒಂದೇ ಕಡೆಯಿಂದಲ್ಲ, ಕಲ್ಲು ಕೂಡ

ಇಂದು ಆ ಭಾಷಣವನ್ನು ದೂರದೃಷ್ಟಿಯ ಮಾತೆಂದು ಹೊಗಳುವವರು ಬಹಳ. ಆ ವಾರ ಹಾಗಿರಲಿಲ್ಲ. ಯುದ್ಧದಲ್ಲಿ ಹೆಗಲಿಗೆ ಹೆಗಲು ಕೊಟ್ಟ ರಷ್ಯಾದ ಮೇಲೆ ಹೀಗೆ ಮಾತನಾಡಬಹುದೇ ಎಂದು ಅಮೆರಿಕದಲ್ಲೇ ಅನೇಕರು ಸಿಟ್ಟಾದರು. ಪ್ರಸಿದ್ಧ ಅಂಕಣಕಾರ ವಾಲ್ಟರ್ ಲಿಪ್‌ಮನ್ ಇದೊಂದು ದೊಡ್ಡ ಪ್ರಮಾದ ಎಂದು ಭಾವಿಸಿದರು. ರೈಲಿನಲ್ಲೇ ಭಾಷಣದ ಪ್ರತಿ ನೋಡಿದ್ದ ಟ್ರೂಮನ್, ಅದರಲ್ಲಿ ಏನಿದೆಯೆಂದು ತಮಗೆ ಮೊದಲು ಗೊತ್ತಿರಲಿಲ್ಲ ಎಂದು ಪತ್ರಕರ್ತರಿಗೆ ಹೇಳಿ ಜಾರಿಕೊಂಡರು!

ಮಾಸ್ಕೋದಿಂದ ಬಂದ ಉತ್ತರ ಇನ್ನೂ ಖಾರವಾಗಿತ್ತು. ಹತ್ತು ದಿನಗಳೊಳಗೆ ‘ಪ್ರಾವ್ದಾ’ ಪತ್ರಿಕೆಯ ಸಂದರ್ಶನದಲ್ಲಿ ಸ್ಟಾಲಿನ್, ಚರ್ಚಿಲ್ ಅವರನ್ನು ಹಿಟ್ಲರನಿಗೆ ಹೋಲಿಸಿದರು. ಜರ್ಮನ್ ಭಾಷಿಕರೇ ಶ್ರೇಷ್ಠರೆಂದು ಅವನು ಹೇಳಿದ, ಇಂಗ್ಲಿಷ್ ಭಾಷಿಕರೇ ಶ್ರೇಷ್ಠರೆಂದು ಇವರು ಹೇಳುತ್ತಿದ್ದಾರೆ ಎಂಬುದು ವಾದ. ಯುದ್ಧದಲ್ಲಿ ಸೋವಿಯತ್ ಒಕ್ಕೂಟ 70 ಲಕ್ಷ ಜನರನ್ನು ಕಳೆದುಕೊಂಡಿದೆ, ನೆರೆಯಲ್ಲಿ ಸ್ನೇಹದ ಸರ್ಕಾರಗಳನ್ನು ಬಯಸುವುದು ತಪ್ಪೇ ಎಂದೂ ಕೇಳಿದರು. ಆ 70 ಲಕ್ಷ ನಿಜವಾದ ಸಂಖ್ಯೆಗಿಂತ ಬಹಳ ಕಡಿಮೆಯದು. ಸತ್ತವರು ಸುಮಾರು 2 ಕೋಟಿ 70 ಲಕ್ಷ ಎಂದು ಸೋವಿಯತ್ ನಾಯಕತ್ವ ಬಹಿರಂಗವಾಗಿ ಹೇಳಿದ್ದು 1990ರಲ್ಲಿ.

ನಮ್ಮ ದೇಶದಲ್ಲಿ ಕುಳಿತು ಆ ಭಾಷಣವನ್ನು ಓದಿದವರಿಗೆ ಮತ್ತೊಂದು ಪ್ರಶ್ನೆ ಎದ್ದಿರಬೇಕು. ಪೋಲೆಂಡಿನ ಸ್ವಾತಂತ್ರ್ಯಕ್ಕಾಗಿ ಮಿಡಿಯುತ್ತಿದ್ದ ಈ ಮನುಷ್ಯ ಭಾರತದ ಸ್ವಾತಂತ್ರ್ಯವನ್ನು ಜೀವನವಿಡೀ ವಿರೋಧಿಸಿದವರು. ಅವರು ಫುಲ್ಟನ್‌ನಲ್ಲಿ ನಿಲ್ಲುವುದಕ್ಕೆ ಎರಡು ವಾರ ಮೊದಲಷ್ಟೇ, ಫೆಬ್ರುವರಿ 18ರಂದು, ಮುಂಬಯಿಯಲ್ಲಿ ನೌಕಾದಳದ ನಾವಿಕರು ಬಂಡಾಯವೆದ್ದಿದ್ದರು. ಮೂರು ವಾರಗಳ ನಂತರ, ಮಾರ್ಚ್ 24ರಂದು, ಅಧಿಕಾರ ಹಸ್ತಾಂತರದ ಮಾತುಕತೆಗೆ ಬ್ರಿಟಿಷ್ ಕ್ಯಾಬಿನೆಟ್ ನಿಯೋಗ ದೆಹಲಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್ 7ರಂದು ಜವಾಹರಲಾಲ್ ನೆಹರೂ ರೇಡಿಯೋ ಭಾಷಣದಲ್ಲಿ, ಒಂದರ ವಿರುದ್ಧ ಒಂದು ನಿಂತ ಬಲಾಢ್ಯ ಗುಂಪುಗಳಿಂದ ಭಾರತ ಆದಷ್ಟು ದೂರವಿರುವುದೆಂದು ಸಾರಿದರು. ಅಲಿಪ್ತ ನೀತಿ ಎಂದು ನೀವು ಸಮಾಜ ಪಾಠದಲ್ಲಿ ಓದುವುದರ ಬೀಜ ಅಲ್ಲಿದೆ. ಯುರೋಪಿನಲ್ಲಿ ಗಡಿ ಎಲ್ಲಿ ಹಾದುಹೋದರೆ ನಮಗೇನು ಎಂಬ ಪ್ರಶ್ನೆಗೆ ಇದು ಒಂದು ಉತ್ತರ. ಆ ಗಡಿಯ ಎರಡೂ ಬದಿಗೆ ಸೇರದೆ ಉಳಿಯುವುದು ಹೇಗೆ ಎಂಬ ಚಿಂತೆಯಲ್ಲೇ ನಮ್ಮ ವಿದೇಶಾಂಗ ನೀತಿ ರೂಪುಗೊಂಡಿತು.

ಅಟ್ಲಾಸ್ ತೆಗೆಯಿರಿ, ಸ್ಕೇಲ್ ಇಡಿ

ಈಗ ವಿದ್ಯಾರ್ಥಿಗಳಿಗೆ ಒಂದು ಕೆಲಸ. ನಾನು ವಿಜ್ಞಾನದ ಮೇಷ್ಟ್ರು. ಮಾತನ್ನು ಮಾತೆಂದು ಬಿಡುವುದು ನಮ್ಮ ಜಾಯಮಾನವಲ್ಲ, ಅಳೆದು ನೋಡಬೇಕು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಲವಣ ಪರೀಕ್ಷೆ ಮಾಡುವಾಗ ರೆಕಾರ್ಡ್ ಪುಸ್ತಕದಲ್ಲಿ ನೀವು ಕಾಲಂಗಳನ್ನು ಎಳೆಯುತ್ತೀರಿ. ಕಂಡದ್ದನ್ನು ಒಂದರಲ್ಲಿ ಬರೆಯುತ್ತೀರಿ, ಅದರಿಂದ ತಿಳಿದದ್ದನ್ನು ಇನ್ನೊಂದರಲ್ಲಿ. ‘ಬಿಳಿಯ ಒತ್ತರ ಬಂತು’ ಎನ್ನುವುದು ಬೇರೆ, ‘ಇದು ಸಲ್ಫೇಟ್’ ಎನ್ನುವುದು ಬೇರೆ. ಎರಡನ್ನೂ ಒಂದೇ ಕಾಲಂನಲ್ಲಿ ಬರೆದರೆ ಅಂಕ ಹೋಗುತ್ತದೆ. ಯಾವುದೇ ಉಪನ್ಯಾಸ ಕೇಳುವಾಗಲೂ ಹೀಗೆ ಮೂರು ಕಾಲಂ ಎಳೆದುಕೊಳ್ಳಿ. ಮೊದಲನೆಯದು ಮಾತನಾಡುವವರು ಕಂಡದ್ದೆಂದು ಹೇಳುವ ಸಂಗತಿ, ಎರಡನೆಯದು ಅದರಿಂದ ಅವರು ಮಾಡುವ ಊಹೆ, ಮೂರನೆಯದು ಮಾಡಬೇಕೆಂದು ಅವರು ಕೊಡುವ ಸಲಹೆ. ಚರ್ಚಿಲ್ ಭಾಷಣವನ್ನು ಈ ಕಾಲಂಗಳಲ್ಲಿ ಹಾಕಿ ನೋಡೋಣ.

ಮೊದಲು ಸಂಗತಿ. ಯುರೋಪಿನ ನಕ್ಷೆಯಲ್ಲಿ ಸ್ಟೆಟಿನ್ ಹುಡುಕಿ. ಈಗ ಅದು ಪೋಲೆಂಡಿನಲ್ಲಿದೆ, ಹೆಸರು ಶ್ಚೆಚಿನ್. ಇಟಲಿಯ ಈಶಾನ್ಯ ಮೂಲೆಯಲ್ಲಿ ಟ್ರಿಯೆಸ್ಟ್ ಸಿಗುತ್ತದೆ. ಎರಡನ್ನೂ ಸ್ಕೇಲ್ ಇಟ್ಟು ಸೇರಿಸಿ. ಹೆಚ್ಚುಕಡಿಮೆ ನೇರವಾಗಿ ಉತ್ತರದಿಂದ ದಕ್ಷಿಣಕ್ಕೆ ಗೆರೆ ಬರುತ್ತದೆ. ಪರದೆಯ ಹಿಂದಿವೆ ಎಂದು ಚರ್ಚಿಲ್ ಹೆಸರಿಸಿದ್ದು ಎಂಟು ನಗರಗಳನ್ನು: ವಾರ್ಸಾ, ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ಬೆಲ್‌ಗ್ರೇಡ್, ಬುಖಾರೆಸ್ಟ್, ಸೋಫಿಯಾ. ಒಂದೊಂದಕ್ಕೂ ಚುಕ್ಕೆ ಇಡಿ. ಬರ್ಲಿನ್ ನಿಮ್ಮ ಗೆರೆಯ ಪಶ್ಚಿಮಕ್ಕೆ ಬಿದ್ದಿತಲ್ಲವೇ? ನಿಜವಾದ ಗಡಿ ಅವರು ಹೇಳಿದ ಗೆರೆಗಿಂತ ಇನ್ನೂ ಪಶ್ಚಿಮದಲ್ಲಿತ್ತು. ಪೂರ್ವ ಜರ್ಮನಿಯಾಗಿ ಮಾರ್ಪಟ್ಟ ಸೋವಿಯತ್ ವಲಯ ಆ ಗೆರೆಯ ಹೊರಗೇ ಉಳಿದಿತ್ತು. ಮಾತಿನ ಗೆರೆಗೆ ಗಾಂಭೀರ್ಯವಿತ್ತು, ಆದರೆ ಅದು ಭೂಪಟದ ಗೆರೆಯಲ್ಲ.

ಇನ್ನು ಎಂಟರ ಗತಿ ಏನಾಯಿತು ನೋಡಿ. ಬೆಲ್‌ಗ್ರೇಡ್‌ನಲ್ಲಿದ್ದ ಟಿಟೋ 1948ರಲ್ಲೇ ಸ್ಟಾಲಿನ್‌ನಿಂದ ಬೇರೆಯಾದರು. 1961ರಲ್ಲಿ ಅಲಿಪ್ತ ರಾಷ್ಟ್ರಗಳ ಮೊದಲ ಶೃಂಗಸಭೆ ಸೇರಿದ್ದು ಅದೇ ಊರಿನಲ್ಲಿ, ನೆಹರೂ ಅಲ್ಲಿದ್ದರು. ವಿಯೆನ್ನಾವನ್ನು ನಾಲ್ಕು ರಾಷ್ಟ್ರಗಳ ಸೇನೆಗಳು ಹಂಚಿಕೊಂಡಿದ್ದವು. 1955ರ ಒಪ್ಪಂದದ ಬಳಿಕ ಅವೆಲ್ಲ ಹೊರಟುಹೋಗಿ ಆಸ್ಟ್ರಿಯಾ ತಟಸ್ಥ ದೇಶವಾಯಿತು. ಬರ್ಲಿನ್ ಅರ್ಧ ಆಚೆ, ಅರ್ಧ ಈಚೆ ಉಳಿಯಿತು. ಪ್ರಾಗ್‌ನ ಕಥೆ ತಿರುಗುಮುರುಗು. ಚೆಕೊಸ್ಲೊವಾಕಿಯಾದಲ್ಲಿ ಮಾತ್ರ ನಿಜವಾದ ಪ್ರಜಾಪ್ರಭುತ್ವ ಇದೆಯೆಂದು ಚರ್ಚಿಲ್ಲೇ ಆ ದಿನ ಒಪ್ಪಿಕೊಂಡಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ, 1948ರ ಫೆಬ್ರುವರಿಯಲ್ಲಿ, ಅಲ್ಲಿಯೂ ಕಮ್ಯುನಿಸ್ಟರು ಅಧಿಕಾರ ವಶಪಡಿಸಿಕೊಂಡರು. ಲೆಕ್ಕ ಹಾಕಿದರೆ ಎಂಟರಲ್ಲಿ ಐದು ಪೂರ್ತಿಯಾಗಿ, ಒಂದು ಅರ್ಧವಾಗಿ ಪರದೆಯ ಹಿಂದೆ ಉಳಿದವು. ಎರಡು ತಪ್ಪಿಸಿಕೊಂಡವು. ಮೊದಲ ಕಾಲಂಗೆ ಒಳ್ಳೆಯ ಅಂಕವೇ ಸಿಗುತ್ತದೆ, ನೂರಕ್ಕೆ ನೂರಲ್ಲ.

ಎರಡನೆಯದು ಊಹೆ. ರಷ್ಯಾ ಯುದ್ಧ ಬಯಸುವುದಿಲ್ಲ, ಯುದ್ಧದ ಫಲವನ್ನು ಮತ್ತು ತನ್ನ ಪ್ರಭಾವದ ವಿಸ್ತರಣೆಯನ್ನು ಬಯಸುತ್ತದೆ ಎಂದರು ಚರ್ಚಿಲ್. ಭಾಷಣವನ್ನು ಹೊಗಳುವವರೂ ತೆಗಳುವವರೂ ಈ ಮೊದಲರ್ಧವನ್ನು ಮರೆಯುತ್ತಾರೆ. 1948ರ ಜೂನ್‌ನಲ್ಲಿ ಪಶ್ಚಿಮ ಬರ್ಲಿನ್‌ಗೆ ಹೋಗುವ ರಸ್ತೆ, ರೈಲು ಮಾರ್ಗಗಳನ್ನು ಸೋವಿಯತ್ ಪಡೆ ಮುಚ್ಚಿತು. ಅಮೆರಿಕ ಮತ್ತು ಬ್ರಿಟನ್ ವಿಮಾನಗಳಲ್ಲಿ ಕಲ್ಲಿದ್ದಲು, ಹಿಟ್ಟು ಸಾಗಿಸಿದವು. 1949ರ ಮೇ ತಿಂಗಳಲ್ಲಿ ದಿಗ್ಬಂಧನ ತೆರವಾಯಿತು. ಎರಡೂ ಕಡೆ ಗುಂಡು ಹಾರಿಸದೆ ಉಳಿದರು. ಊಹೆ ಅಲ್ಲಿಗೆ ಸರಿಯಾಯಿತು.

ಮೂರನೆಯದು ಸಲಹೆ. ಅಣುಬಾಂಬಿನ ರಹಸ್ಯ ಮೂರು ದೇಶಗಳ ಕೈಯಲ್ಲಿ ಭದ್ರವಾಗಿರುತ್ತದೆ ಎಂಬ ನಂಬಿಕೆಯ ಮೇಲೆ ಆ ಸಲಹೆ ನಿಂತಿತ್ತು. ಇಲ್ಲಿ ನಾನು ಕೆಂಪು ಶಾಯಿ ಬಳಸುತ್ತೇನೆ. 1949ರ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬ್ ಸಿಡಿಸಿತು. ಭಾಷಣ ಮುಗಿದು ಮೂರೂವರೆ ವರ್ಷವಾಗಿತ್ತಷ್ಟೇ. ಗೂಢಚಾರರಿಂದ ಅವರಿಗೆ ನೆರವಾದದ್ದು ನಿಜ. ಆದರೆ ಮುಖ್ಯವಾದ ಸಂಗತಿ ಬೇರೆ. ಯುರೇನಿಯಂ ಪರಮಾಣುವಿನ ಬೀಜ ಒಡೆಯುತ್ತದೆ ಎಂಬುದು 1939ರ ಹೊತ್ತಿಗೇ ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಪ್ರಕೃತಿಯ ನಿಯಮ ಯಾರ ಕಪಾಟಿನಲ್ಲೂ ಬೀಗ ಹಾಕಿಸಿಕೊಂಡು ಕೂರುವುದಿಲ್ಲ. ಬಾಂಬ್ ಸಾಧ್ಯ ಎಂಬುದೇ ದೊಡ್ಡ ರಹಸ್ಯವಾಗಿತ್ತು, ಅದು 1945ರಲ್ಲಿ ಹಿರೋಷಿಮಾದಲ್ಲಿ ಬಯಲಾಗಿಹೋಗಿತ್ತು. ಅಂದು ವೇದಿಕೆಯ ಮುಂದೆ ಕುಳಿತಿದ್ದ ಯಾವುದಾದರೂ ಭೌತಶಾಸ್ತ್ರದ ವಿದ್ಯಾರ್ಥಿ ಎದ್ದು ಈ ಪ್ರಶ್ನೆ ಕೇಳಿದ್ದರೆ ಚರ್ಚಿಲ್ ಏನು ಹೇಳುತ್ತಿದ್ದರೋ!

ಒಬ್ಬನೇ ಮನುಷ್ಯ, ಒಂದೇ ಸಂಜೆಯ ಮಾತು. ಸಂಗತಿಯಲ್ಲಿ ಬಹುಪಾಲು ಸರಿ, ಊಹೆಯಲ್ಲಿ ಚುರುಕು, ಸಲಹೆಯಲ್ಲಿ ಎಡವಟ್ಟು. ದೊಡ್ಡವರು ಹೇಳಿದರೆಂದು ಇಡಿಯಾಗಿ ನುಂಗುವುದೂ, ಅವರು ನಮ್ಮ ವಿರೋಧಿಯೆಂದು ಇಡಿಯಾಗಿ ಉಗುಳುವುದೂ ಎರಡೂ ಕೇಳುವ ಕ್ರಮವಲ್ಲ. ಉಪನ್ಯಾಸ ಕಲಿಸುವ ಪಾಠ ಇದು. ಪಠ್ಯಪುಸ್ತಕದಲ್ಲಿ ಸರಿಯಾದ ಉತ್ತರ ಮೊದಲೇ ಅಚ್ಚಾಗಿರುತ್ತದೆ. ಉಪನ್ಯಾಸದಲ್ಲಿ ಅದನ್ನು ನೀವೇ ಜರಡಿ ಹಿಡಿದು ತೆಗೆಯಬೇಕು.

ಲಂಡನ್ನಿನ ಕಲ್ಲು, ಬರ್ಲಿನ್ನಿನ ಗೋಡೆ

ಫುಲ್ಟನ್ನಿನ ಕಾಲೇಜು ಆ ಒಂದು ಉಪನ್ಯಾಸದ ಖ್ಯಾತಿಯ ಮೇಲೆ ಮಲಗಿಬಿಡಲಿಲ್ಲ. ಅದರ ನೆನಪಿಗೆ ಒಂದು ವಿಚಿತ್ರವಾದ ಸ್ಮಾರಕ ತಂದು ನಿಲ್ಲಿಸಿತು. ಲಂಡನ್ನಿನ ಆಲ್ಡರ್‌ಮನ್‌ಬರಿಯಲ್ಲಿದ್ದ ಸೇಂಟ್ ಮೇರಿ ಚರ್ಚ್ 1666ರ ಮಹಾ ಅಗ್ನಿಯಲ್ಲಿ ಸುಟ್ಟಿತ್ತು. ಕ್ರಿಸ್ಟಫರ್ ರೆನ್ ಅದನ್ನು ಮತ್ತೆ ಕಟ್ಟಿಸಿದರು. 1940ರ ಡಿಸೆಂಬರ್ 29ರ ರಾತ್ರಿ ಹಿಟ್ಲರನ ವಿಮಾನಗಳ ಬಾಂಬಿಗೆ ಅದು ಪುನಃ ಸುಟ್ಟು ಗೋಡೆಗಳಷ್ಟೇ ಉಳಿದವು. ಆ ಕಲ್ಲುಗಳಿಗೆ, ಸುಮಾರು ಏಳು ಸಾವಿರಕ್ಕೆ, ಒಂದೊಂದಕ್ಕೂ ಗುರುತು ಹಾಕಿ ಅಟ್ಲಾಂಟಿಕ್ ಸಾಗರ ದಾಟಿಸಿ ಫುಲ್ಟನ್ನಿಗೆ ತಂದರು. ಅಲ್ಲಿ ಜೋಡಿಸಿ ಮುಗಿಸಿ ಚರ್ಚನ್ನು ಸಮರ್ಪಿಸಿದ್ದು 1969ರಲ್ಲಿ. ಅದರ ಕೆಳಗೆ ಚರ್ಚಿಲ್ ವಸ್ತುಸಂಗ್ರಹಾಲಯವಿದೆ.

ಈ ರೆನ್ ಬರೀ ವಾಸ್ತುಶಿಲ್ಪಿಯಲ್ಲ ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ಅವರು ಖಗೋಳಶಾಸ್ತ್ರಜ್ಞ. ಲಂಡನ್ನಿನ ಗ್ರೆಶಮ್ ಕಾಲೇಜಿನಲ್ಲಿ 1657ರಿಂದ ಖಗೋಳಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆ ಕಾಲೇಜಿನಲ್ಲಿ ಪರೀಕ್ಷೆಯಿಲ್ಲ, ಪದವಿಯಿಲ್ಲ. ವ್ಯಾಪಾರಿ ಥಾಮಸ್ ಗ್ರೆಶಮ್ ಬರೆದಿಟ್ಟ ಉಯಿಲಿನಂತೆ 1597ರಿಂದ ಊರಿನ ಜನರಿಗೆ ಉಚಿತ ಉಪನ್ಯಾಸ ಕೊಡುವುದೇ ಅದರ ಕೆಲಸ, ಇಂದಿಗೂ ಅದೇ. ಪಂಡಿತರಿಗೆ ಲ್ಯಾಟಿನ್‌ನಲ್ಲಿ, ಸಾಮಾನ್ಯರಿಗೆ ಇಂಗ್ಲಿಷಿನಲ್ಲಿ ಹೇಳಬೇಕೆಂಬ ಏರ್ಪಾಟು ಆಗಲೇ ಇತ್ತು. ತಾಯ್ನುಡಿಯಲ್ಲಿ ವಿಜ್ಞಾನ ಹೇಳಲು ಸಾಧ್ಯವೇ ಎಂದು ನಾವಿನ್ನೂ ಚರ್ಚಿಸುತ್ತಿದ್ದೇವೆ! 1660ರ ನವೆಂಬರ್ 28ರಂದು ಅಲ್ಲಿ ರೆನ್ ಉಪನ್ಯಾಸ ಮುಗಿದ ಮೇಲೆ ಹನ್ನೆರಡು ಮಂದಿ ಕೇಳುಗರು ಕುಳಿತು ಮಾತನಾಡಿಕೊಂಡರು. ಆ ಮಾತುಕತೆಯಿಂದ ಹುಟ್ಟಿದ್ದೇ ರಾಯಲ್ ಸೊಸೈಟಿ. ಉಪನ್ಯಾಸ ಮುಗಿದ ಮೇಲಿನ ಅರ್ಧ ಗಂಟೆ ಉಪನ್ಯಾಸದಷ್ಟೇ ಮುಖ್ಯ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬರ್ಲಿನ್‌ನಲ್ಲಿ 1961ರ ಆಗಸ್ಟ್ 13ರಂದು ಪರದೆ ಕಣ್ಣಿಗೆ ಕಾಣುವ ಗೋಡೆಯೇ ಆಯಿತು. 1989ರ ನವೆಂಬರ್ 9ರಂದು ಅದು ತೆರೆಯಿತು. ಸರಿಯಾಗಿ ಒಂದು ವರ್ಷಕ್ಕೆ ಆ ಗೋಡೆಯ ಎಂಟು ತುಂಡುಗಳು ಫುಲ್ಟನ್ನಿನ ಚರ್ಚಿನ ಬಳಿ ಶಿಲ್ಪವಾಗಿ ನಿಂತವು. ಮಾಡಿದವರು ಚರ್ಚಿಲ್ ಮೊಮ್ಮಗಳು ಎಡ್ವಿನಾ ಸ್ಯಾಂಡಿಸ್. ಗೋಡೆಯನ್ನು ಕೊರೆದು ಒಂದು ಗಂಡಿನ, ಒಂದು ಹೆಣ್ಣಿನ ಆಕಾರದ ದಾರಿ ಬಿಡಿಸಿದ್ದಾರೆ. ಯಾರು ಬೇಕಾದರೂ ಆ ದಾರಿಯಲ್ಲಿ ನಡೆದು ಆಚೆಗೆ ಹೋಗಬಹುದು.

ಕಥೆಯ ನಿಜವಾದ ತಿರುವು ಬಂದದ್ದು 1992ರ ಮೇ 6ರಂದು. ಆ ಶಿಲ್ಪದ ಎದುರು ಮಾತನಾಡಲು ನಿಂತವರು ಮಿಖಾಯಿಲ್ ಗೊರ್ಬಚೆವ್, ಸೋವಿಯತ್ ಒಕ್ಕೂಟದ ಕೊನೆಯ ಅಧ್ಯಕ್ಷರು. ಚರ್ಚಿಲ್‌ರಂತೆ ಅವರೂ ಅಧಿಕಾರ ಕಳೆದುಕೊಂಡು ಬಂದಿದ್ದರು. ಯುದ್ಧ ಗೆದ್ದವರಿಗೆ ಲೋಕವನ್ನು ಹೊಸ ದಾರಿಗೆ ತಿರುಗಿಸುವ ಅವಕಾಶವಿತ್ತು, ಅದು ಕೈತಪ್ಪಿತು, ತಪ್ಪು ಎರಡೂ ಕಡೆಯಲ್ಲಿದೆ ಎಂಬುದು ಅವರ ಮಾತಿನ ಸಾರ. ವಿಶ್ವಸಂಸ್ಥೆಯನ್ನು ಬಲಪಡಿಸಬೇಕೆಂದು ಅವರೂ ಒತ್ತಿಹೇಳಿದರು. 46 ವರ್ಷಗಳ ಅಂತರದಲ್ಲಿ ಎರಡು ಎದುರಾಳಿ ಪಾಳೆಯಗಳ ನಾಯಕರು ಒಂದೇ ಕಾಲೇಜಿನ ಅಂಗಳದಲ್ಲಿ ಮಾತನಾಡಿದರು, ಒಂದು ವಿಷಯದಲ್ಲಿ ಒಪ್ಪಿದರು ಕೂಡ.

ಹಾಗೆಂದು ಲೋಕ ನೆಮ್ಮದಿಯಾಯಿತೆಂದಲ್ಲ. 1996ರಲ್ಲಿ ಅಲ್ಲಿಗೆ ಬಂದ ಮಾರ್ಗರೆಟ್ ಥ್ಯಾಚರ್ ತಮ್ಮ ಉಪನ್ಯಾಸವನ್ನು ಹೊಸ ಅಪಾಯಗಳ ಕುರಿತೇ ಮಾಡಿದರು. 2022ರ ಫೆಬ್ರುವರಿಯಲ್ಲಿ ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿತು. ಅದೇ ವರ್ಷ ಆಗಸ್ಟ್‌ನಲ್ಲಿ ಗೊರ್ಬಚೆವ್ ತೀರಿಕೊಂಡರು. ಆ ಯುದ್ಧದ ಸುದ್ದಿ ಬಂದಾಗ ಅಲ್ಲಿ ವೈದ್ಯಕೀಯ ಓದುತ್ತಿದ್ದ ನಮ್ಮ ಕರ್ನಾಟಕದ ಮಕ್ಕಳ ತಂದೆತಾಯಿ ಫೋನ್ ಹಿಡಿದು ಕುಳಿತ ರಾತ್ರಿಗಳು ಯಾರಿಗೂ ಮರೆತಿಲ್ಲ. ಹಾವೇರಿ ಜಿಲ್ಲೆಯ ಒಬ್ಬ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ಪ್ರಾಣವನ್ನೇ ಕಳೆದುಕೊಂಡ. ಯುರೋಪಿನ ಗಡಿ ನಮಗೇನು ಎಂಬ ಪ್ರಶ್ನೆಗೆ ಇದು ಎರಡನೆಯ ಉತ್ತರ, ನೋವಿನ ಉತ್ತರ.

ನಮ್ಮ ಊರುಗಳಲ್ಲಿ

ಇಂಥ ಸಂಪ್ರದಾಯ ನಮಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಿಂದೆ ಹಳ್ಳಿ, ಪಟ್ಟಣಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡುತ್ತಿದ್ದರು. ಅವು ಸಣ್ಣ ಪುಸ್ತಕಗಳಾಗಿ ಜನರ ಕೈಗೆ ಸಿಗುತ್ತಿದ್ದವು. ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ವಾರವಾರವೂ ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು, ಟಿಕೆಟ್ಟಿಲ್ಲ. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಜೀವನವಿಡೀ ಹೇಳಿಕೊಂಡು ಬಂದವರು ಅವರು.

ಹಾಗಾಗಿ ನಿಮ್ಮ ಊರಿನ ಕಾಲೇಜಿನಲ್ಲಿ ಉಪನ್ಯಾಸ ಏರ್ಪಟ್ಟರೆ ಹೋಗಿ. ಹೋಗುವ ಮೊದಲು ಆ ದೇಶ ನಕ್ಷೆಯಲ್ಲಿ ಎಲ್ಲಿದೆ ಎಂದು ನೋಡಿಕೊಳ್ಳಿ. ನೋಟ್‌ಪುಸ್ತಕದಲ್ಲಿ ಮೂರು ಕಾಲಂ ಎಳೆಯಿರಿ. ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಎದ್ದು ಕೇಳಿ. ಗಂಟಲು ಒಣಗಿದರೂ ಪರವಾಗಿಲ್ಲ. ‘ಈ ಸಂಖ್ಯೆ ಎಲ್ಲಿಂದ ಬಂತು, ಇದನ್ನು ಒಪ್ಪದವರು ಏನು ಹೇಳುತ್ತಾರೆ?’ ಎಂಬ ಎರಡು ಪ್ರಶ್ನೆಗಳು ಯಾವ ವಿಷಯಕ್ಕೂ ಒಪ್ಪುತ್ತವೆ. ಸಾಧ್ಯವಾದರೆ ಎದುರು ಪಕ್ಷದವರ ಉಪನ್ಯಾಸವನ್ನೂ ಕೇಳಿ. ಅದಕ್ಕಾಗಿ 46 ವರ್ಷ ಕಾಯಬೇಕಿಲ್ಲ.

ಪೋಷಕರಿಗೆ ಒಂದು ಮಾತು. ಮಗ ಅಥವಾ ಮಗಳು ಸಂಜೆ ತಡವಾಗಿ ಬಂದು ‘ಉಪನ್ಯಾಸಕ್ಕೆ ಹೋಗಿದ್ದೆ’ ಎಂದರೆ ಗದರಬೇಡಿ. ಊಟಕ್ಕೆ ಕೂತಾಗ ‘ಏನು ಹೇಳಿದರು? ಅದರಲ್ಲಿ ನೀನು ಒಪ್ಪಿದ್ದು ಯಾವುದು, ಒಪ್ಪದ್ದು ಯಾವುದು?’ ಎಂದು ಕೇಳಿ. ಉತ್ತರ ತಡವರಿಸಿಕೊಂಡು ಬಂದರೂ ಕೇಳಿಸಿಕೊಳ್ಳಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದರು ನಮ್ಮ ಹಿರಿಯರು. ಕೇಳಲು ಬಲ್ಲವನಿಗೆ ಮೋಸವಿಲ್ಲ ಎಂದು ಇಂದಿನ ಕಾಲಕ್ಕೆ ಸೇರಿಸಿಕೊಳ್ಳಬಹುದು. ಅಂಗೈಯ ಫೋನಿನಲ್ಲಿ ದಿನವೂ ನೂರು ಜನ ಭಾಷಣ ಮಾಡುವ ಈ ದಿನಗಳಲ್ಲಿ, ಸಂಗತಿ ಯಾವುದು ಊಹೆ ಯಾವುದು ಎಂದು ಬೇರ್ಪಡಿಸುವ ವಿದ್ಯೆ ಹತ್ತು ಅಂಕಕ್ಕಿಂತ ಹೆಚ್ಚು ಬೆಲೆಯದು. ಅದನ್ನು ಕಲಿಯಲು ನಿಮ್ಮೂರಿನ ಕಾಲೇಜಿನ ಸಭಾಂಗಣದ ಕಡೆಯ ಸಾಲಿನ ಒಂದು ಕುರ್ಚಿ ಸಾಕು.